ಕಠಿಣ ದಿನ, ಸುಲಭ ದಿನ: ಸೈಕಲ್ ತರಬೇತಿಯ ವಾರವನ್ನು ಕಟ್ಟುವ ಬಗೆ

ತಿಂಗಳುಗಟ್ಟಲೆ ಸೈಕಲ್ ತುಳಿದರೂ ವೇಗವಾಗಲಿ ಬಲವಾಗಲಿ ಹೆಚ್ಚದೆ ನಿಂತುಬಿಟ್ಟವರ ದಿನಚರಿಯನ್ನು ತೆರೆದು ನೋಡಿದರೆ ಬಹುಪಾಲು ಒಂದೇ ಚಿತ್ರ ಕಾಣುತ್ತದೆ. ಅವರು ಶ್ರಮಪಡುತ್ತಿಲ್ಲವೆಂದಲ್ಲ. ಸುಲಭವಾಗಿ ತುಳಿಯಬೇಕಾದ ದಿನ ತುಸು ಜೋರಾಗಿ ತುಳಿಯುತ್ತಾರೆ. ಆ ದಣಿವು ಕಾಲಿನಲ್ಲಿ ಉಳಿದಿರುವುದರಿಂದ ಜೋರಾಗಿ ತುಳಿಯಬೇಕಾದ ದಿನ ಶಕ್ತಿ ಸಾಲದೆ ತುಸು ಮೆತ್ತಗಾಗುತ್ತಾರೆ. ಹೀಗೆ ವಾರದ ಎಲ್ಲ ಸವಾರಿಗಳೂ ಕ್ರಮೇಣ ಒಂದೇ ಮಟ್ಟಕ್ಕೆ ಬಂದು ಕೂರುತ್ತವೆ. ನಾನೂ ಎರಡು ವರ್ಷ ಹೀಗೆಯೇ ತುಳಿದಿದ್ದೇನೆ, ಮತ್ತು ಹೆಚ್ಚು ಶ್ರಮವೇ ಪರಿಹಾರವೆಂದು ಪ್ರಾಮಾಣಿಕವಾಗಿ ನಂಬಿದ್ದೆ. ಆದ್ದರಿಂದ ಈ ಲೇಖನದಲ್ಲಿ ಕಠಿಣ ಅಭ್ಯಾಸವನ್ನು ಹೇಗೆ ಮಾಡಬೇಕೆಂಬುದಕ್ಕಿಂತ, ಕಠಿಣ ದಿನವನ್ನು ಸುಲಭ ದಿನದಿಂದ ಹೇಗೆ ಬೇರ್ಪಡಿಸಬೇಕು ಮತ್ತು ಆ ಅಂತರವನ್ನು ವಾರದಿಂದ ವಾರಕ್ಕೆ ಹೇಗೆ ಕಾಪಾಡಿಕೊಳ್ಳಬೇಕು ಎಂಬುದನ್ನೇ ಹೆಚ್ಚಾಗಿ ವಿವರಿಸಿದ್ದೇನೆ.

ದಣಿವು ಎಲ್ಲಿ ಕೂರುತ್ತದೆ

ಕಠಿಣ ಸವಾರಿಯೊಂದು ದೇಹದ ಹಲವು ಕಡೆ ಏಕಕಾಲಕ್ಕೆ ಖರ್ಚು ಮಾಡಿಸುತ್ತದೆ, ಮತ್ತು ಪ್ರತಿಯೊಂದು ಖರ್ಚೂ ತನ್ನದೇ ಸಮಯ ತೆಗೆದುಕೊಂಡು ತುಂಬಿಕೊಳ್ಳುತ್ತದೆ. ಬೆವರಿನಲ್ಲಿ ಹೋದ ನೀರು ಮತ್ತು ಉಪ್ಪು ಕೆಲವು ಗಂಟೆಗಳಲ್ಲಿ ಮರಳುತ್ತವೆ. ಸ್ನಾಯುಗಳಲ್ಲಿ ಸುಮಾರು 400ರಿಂದ 500 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಇರುವ ಗ್ಲೈಕೋಜೆನ್, ಅಂದರೆ ದೇಹ ಇಂಧನವಾಗಿ ಕೂಡಿಟ್ಟ ಸಕ್ಕರೆಯ ದಾಸ್ತಾನು, ಖಾಲಿಯಾಗಿದ್ದರೆ, ಚೆನ್ನಾಗಿ ಉಂಡರೂ ಪೂರ್ತಿ ತುಂಬಲು ಒಂದು ದಿನದಷ್ಟು ಕಾಲ ಬೇಕು. ಸ್ನಾಯುವಿನ ಎಳೆಗಳ ದುರಸ್ತಿ ಮತ್ತು ನರಮಂಡಲದ ಚೇತರಿಕೆ ಒಂದೆರಡು ದಿನ ಹಿಡಿಯಬಹುದು. ವಾರಗಟ್ಟಲೆ ಬಾಕಿ ಉಳಿಸಿಕೊಂಡು ಬಂದ ದಣಿವು ಇಳಿಯುವುದಕ್ಕೆ ವಾರಗಳೇ ಬೇಕಾಗುತ್ತವೆ.

ಸೈಕಲ್ ಸವಾರರು ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಒಂದು ವಿಷಯವಿದೆ. ಓಟಗಾರರ ತೊಡೆ ಮತ್ತು ಮೀನಖಂಡಗಳು ಪ್ರತಿ ಹೆಜ್ಜೆಗೂ ದೇಹದ ಭಾರವನ್ನು ತಡೆಹಿಡಿಯುತ್ತ ಹಿಗ್ಗುತ್ತವೆ. ಸ್ನಾಯುನೋವನ್ನು ಹೆಚ್ಚಾಗಿ ಉಂಟುಮಾಡುವುದು ಈ ಬಗೆಯ ಕೆಲಸವೇ. ಪೆಡಲ್ ತುಳಿಯುವಾಗ ಸ್ನಾಯುಗಳು ಬಹುಮಟ್ಟಿಗೆ ಕುಗ್ಗುತ್ತ ಮಾತ್ರ ಕೆಲಸ ಮಾಡುವುದರಿಂದ ಮರುದಿನದ ನೋವು ಕಡಿಮೆ. ಇದು ಅನುಕೂಲದಂತೆ ಕಂಡರೂ, ಅತಿಯಾಯಿತೆಂದು ಎಚ್ಚರಿಸುವ ಗಂಟೆಯೊಂದು ನಮಗೆ ಬಾರಿಸುವುದಿಲ್ಲ ಎಂದೂ ಅರ್ಥ. ಕಾಲು ನೋಯುತ್ತಿಲ್ಲವೆಂಬ ಕಾರಣಕ್ಕೆ ದೇಹ ಚೇತರಿಸಿಕೊಂಡಿದೆ ಎಂದು ಸೈಕಲ್ ಸವಾರನು ತೀರ್ಮಾನಿಸಬಾರದು.

ಮೊದಲ ಹೆಜ್ಜೆ: ಎರಡು ವಾರ ಏನನ್ನೂ ಬದಲಿಸದೆ ಬರೆದಿಡಿ

ಹೊಸ ಯೋಜನೆ ಹಾಕಿಕೊಳ್ಳುವ ಮುನ್ನ ಈಗ ನಿಜವಾಗಿ ಏನು ನಡೆಯುತ್ತಿದೆ ಎಂಬುದು ಕಾಗದದ ಮೇಲೆ ಬರಬೇಕು. ಇದಕ್ಕೆ ತುಳಿಯುವ ಶಕ್ತಿಯನ್ನು ವ್ಯಾಟ್‌ಗಳಲ್ಲಿ ಅಳೆಯುವ ಪವರ್ ಮೀಟರ್ ಬೇಕಿಲ್ಲ, ಒಂದು ನೋಟ್‌ಬುಕ್ ಸಾಕು. ಸವಾರಿ ಮುಗಿದು ಸುಮಾರು ಅರ್ಧ ಗಂಟೆಯಾದ ಮೇಲೆ, ಒಟ್ಟಾರೆ ಆ ಸವಾರಿ ಎಷ್ಟು ಕಷ್ಟವಾಯಿತೆಂದು ಸೊನ್ನೆಯಿಂದ ಹತ್ತರವರೆಗಿನ ಒಂದು ಅಂಕ ಕೊಡಿ. ಎರಡು ಎಂದರೆ ಹಗುರ, ಐದು ಎಂದರೆ ಕಷ್ಟ, ಏಳು ಎಂದರೆ ಬಹಳ ಕಷ್ಟ, ಹತ್ತು ಎಂದರೆ ಇನ್ನು ಸಾಧ್ಯವೇ ಇಲ್ಲ ಎಂಬಷ್ಟು. ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ಶ್ರಮದ ಅನುಭವಕ್ಕೆ ಇಂಥ ಅಳತೆಗೋಲುಗಳನ್ನು ರೂಪಿಸಿದರು. ಅಮೆರಿಕದ ವ್ಯಾಯಾಮ ವಿಜ್ಞಾನಿ ಕಾರ್ಲ್ ಫಾಸ್ಟರ್ ಅದನ್ನು ನಿಮಿಷಗಳಿಂದ ಗುಣಿಸಿ ಒಂದು ಸವಾರಿಯ ಹೊರೆಯನ್ನು ಲೆಕ್ಕಹಾಕುವ ವಿಧಾನವನ್ನು ಬಳಕೆಗೆ ತಂದರು. 70 ನಿಮಿಷದ ಸವಾರಿಗೆ ಎಂಟು ಅಂಕ ಬಂದರೆ ಹೊರೆ 560. ಮೂರು ಗಂಟೆಯ ಸವಾರಿಗೆ ಮೂರು ಅಂಕ ಬಂದರೆ 540.

ಫಾಸ್ಟರ್ ಇದರ ಜೊತೆಗೆ ಇನ್ನೊಂದು ಲೆಕ್ಕವನ್ನೂ ಕೊಟ್ಟರು. ಅದು ಏಕತಾನತೆಯ ಲೆಕ್ಕ: ವಾರದ ದಿನವಹಿ ಸರಾಸರಿ ಹೊರೆಯನ್ನು ಆ ಏಳು ದಿನಗಳ ಪ್ರಮಾಣ ವಿಚಲನೆಯಿಂದ, ಅಂದರೆ ದಿನದ ಹೊರೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆಯಿಂದ, ಭಾಗಿಸಬೇಕು. ಸಂಖ್ಯೆ ಎರಡನ್ನು ದಾಟಿದರೆ ಎಚ್ಚರ ವಹಿಸಬೇಕೆಂಬುದು ರೂಢಿಯ ಮಾತು. ಒಂದು ಉದಾಹರಣೆಯನ್ನು ನೋಡೋಣ. ಸವಾರನೊಬ್ಬ ವಾರದ ಏಳೂ ದಿನ ಗಂಟೆಯ ಆಸುಪಾಸು, ನಾಲ್ಕು ಅಥವಾ ಐದರ ಕಷ್ಟದಲ್ಲಿ ತುಳಿದು, 280, 320, 300, 330, 270, 310, 290 ಎಂಬ ಹೊರೆಗಳನ್ನು ಬರೆದನೆನ್ನಿ. ಇನ್ನೊಬ್ಬ ಸೋಮವಾರ ಮತ್ತು ಶುಕ್ರವಾರ ಸೈಕಲ್ ಮುಟ್ಟದೆ, ಮಂಗಳವಾರ 560, ಬುಧವಾರ 110, ಗುರುವಾರ 270, ಶನಿವಾರ 560, ಭಾನುವಾರ 600 ಬರೆದ. ಇಬ್ಬರ ವಾರದ ಮೊತ್ತವೂ 2,100. ಆದರೆ ಮೊದಲನೆಯವನ ಏಕತಾನತೆ ಸುಮಾರು 14, ಎರಡನೆಯವನದು ಸುಮಾರು 1.1. ಮೊದಲನೆಯವನು ಒಂದು ದಿನವೂ ಪೂರ್ತಿ ಚೇತರಿಸಿಕೊಳ್ಳಲಿಲ್ಲ, ಒಂದು ದಿನವೂ ತನ್ನ ಮಿತಿಯ ಹತ್ತಿರ ಹೋಗಲಿಲ್ಲ. ಎರಡು ವಾರದ ಬರಹ ಮುಗಿದಾಗ ನಿಮ್ಮ ಸಂಖ್ಯೆಗಳು ಇವರಲ್ಲಿ ಯಾರನ್ನು ಹೋಲುತ್ತವೆ ಎಂದು ನೋಡಿಕೊಳ್ಳಿ. ಪ್ರಮಾಣ ವಿಚಲನೆಯ ಲೆಕ್ಕ ಬಾರದಿದ್ದರೂ ಚಿಂತೆಯಿಲ್ಲ. ಏಳು ಅಂಕಿಗಳು ಒಂದರ ಕೆಳಗೊಂದು ನಿಂತರೆ ಕಣ್ಣಿಗೇ ತಿಳಿಯುತ್ತದೆ.

ಎರಡನೆಯ ಹೆಜ್ಜೆ: ಸುಲಭ ಎಂಬುದಕ್ಕೆ ಒಂದು ಗಡಿ ಹಾಕಿ

ಈ ಹೆಜ್ಜೆ ಸರಿಯಾದರೆ ಉಳಿದವು ಬಹುಪಾಲು ತಾವಾಗಿಯೇ ಸರಿಹೋಗುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸುಲಭ ಸವಾರಿಯಲ್ಲಿ ಪಕ್ಕದವರೊಡನೆ ಪೂರ್ಣ ವಾಕ್ಯಗಳಲ್ಲಿ, ನಡುವೆ ಉಸಿರಿಗಾಗಿ ನಿಲ್ಲದೆ ಮಾತನಾಡುವಂತಿರಬೇಕು. ನಾಲ್ಕೈದು ಪದಕ್ಕೊಮ್ಮೆ ಉಸಿರೆಳೆದುಕೊಳ್ಳುವ ಸ್ಥಿತಿ ಬಂದರೆ ಗಡಿ ದಾಟಿದಂತೆ. ಹೃದಯ ಬಡಿತ ಅಳೆಯುವ ಎದೆಪಟ್ಟಿ ಇರುವವರಿಗೆ ಇದು ಬಹುಮಟ್ಟಿಗೆ ಗರಿಷ್ಠ ಬಡಿತದ ಮುಕ್ಕಾಲು ಪಾಲಿನ ಕೆಳಗೆ ಬರುತ್ತದೆ. ಪವರ್ ಮೀಟರ್ ಇರುವವರು ತಮ್ಮ ಎಫ್‌ಟಿಪಿಯನ್ನು, ಅಂದರೆ ಸುಮಾರು ಒಂದು ಗಂಟೆ ಹಿಡಿದಿಡಬಲ್ಲ ಶಕ್ತಿಯನ್ನು, ಆಧಾರವಾಗಿಟ್ಟುಕೊಳ್ಳಬಹುದು. ವ್ಯಾಯಾಮ ವಿಜ್ಞಾನಿ ಆಂಡ್ರ್ಯೂ ಕಾಗನ್ ರೂಪಿಸಿದ ವಲಯಗಳಲ್ಲಿ ಎಫ್‌ಟಿಪಿಯ ಶೇ 55ರ ಕೆಳಗಿನದು ಚೇತರಿಕೆಯ ಸವಾರಿ, ಶೇ 56ರಿಂದ 75ರವರೆಗಿನದು ಸಹನಶಕ್ತಿಯ ಸವಾರಿ. ಎಫ್‌ಟಿಪಿ 220 ವ್ಯಾಟ್ ಇರುವವರಿಗೆ ಚೇತರಿಕೆಯ ಸವಾರಿಯೆಂದರೆ 120 ವ್ಯಾಟ್ ಮೀರದ ಸವಾರಿ. ಮೊದಲ ಸಲ ಇಷ್ಟು ನಿಧಾನವಾಗಿ ತುಳಿದಾಗ ಸಮಯ ವ್ಯರ್ಥವಾಗುತ್ತಿದೆ ಎನಿಸುವುದು ಸಹಜ. ಹಾಗೆನಿಸಿದರೆ ನೀವು ಸರಿಯಾಗಿಯೇ ತುಳಿಯುತ್ತಿದ್ದೀರಿ ಎಂದು ತಿಳಿಯಿರಿ.

ಗಡಿಯನ್ನು ಮುರಿಯುವ ಸಂದರ್ಭಗಳು ಮುಖ್ಯವಾಗಿ ಮೂರು. ಮೊದಲನೆಯದು ಏರು. ಸಣ್ಣ ಏರೂ ಸಹ ಶಕ್ತಿಯನ್ನು ಥಟ್ಟನೆ ಮೇಲಕ್ಕೆಳೆಯುತ್ತದೆ, ಆದ್ದರಿಂದ ಸುಲಭ ದಿನಕ್ಕೆ ಸಮತಟ್ಟಾದ ದಾರಿಯನ್ನು ಆರಿಸಿಕೊಳ್ಳಬೇಕು, ಇಲ್ಲವೇ ನಿಧಾನವಾಗಿ ಹತ್ತಲು ಸಾಕಷ್ಟು ಹಗುರ ಗೇರ್ ಇರುವಂತೆ ನೋಡಿಕೊಳ್ಳಬೇಕು. ಎರಡನೆಯದು ಎದುರುಗಾಳಿ. ಗಾಳಿಯಲ್ಲಿ ಗಂಟೆಗೆ ಇಷ್ಟು ಕಿಲೋಮೀಟರ್ ಎಂಬ ವೇಗವನ್ನು ಕಾಪಾಡಲು ಹೊರಟರೆ ಸುಲಭ ಸವಾರಿ ಕಠಿಣವಾಗುವುದು ಖಚಿತ. ಹೀಗಾಗಿ ಆ ದಿನ ಪರದೆಯ ಮೇಲಿನ ವೇಗ ಮತ್ತು ಸರಾಸರಿಯ ಅಂಕಿಗಳನ್ನು ಮರೆಮಾಡಿಬಿಡುವುದು ಒಳ್ಳೆಯದು. ಮೂರನೆಯದು ಗುಂಪು. ಗುಂಪಿನ ವೇಗವನ್ನು ನಿರ್ಧರಿಸುವವರು ಸಾಮಾನ್ಯವಾಗಿ ಅಂದು ಹುರುಪಿನಲ್ಲಿರುವವರು. ಅವರ ಕಠಿಣ ದಿನವೂ ನಿಮ್ಮ ಸುಲಭ ದಿನವೂ ಒಂದೇ ದಾರಿಯಲ್ಲಿ ಕೂಡಿಬಂದರೆ ನಷ್ಟ ನಿಮಗೇ. ಗೆಳೆಯರ ಸಂಗ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಗುಂಪು ಸವಾರಿಯನ್ನು ವಾರದ ಕಠಿಣ ದಿನಗಳಲ್ಲಿ ಒಂದೆಂದು ಲೆಕ್ಕಕ್ಕೆ ಹಿಡಿದು, ಉಳಿದ ದಿನಗಳನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ.

ಮೂರನೆಯ ಹೆಜ್ಜೆ: ವಾರಕ್ಕೆ ಎರಡು ಕಠಿಣ ದಿನ, ಅದಕ್ಕಿಂತ ಹೆಚ್ಚು ಬೇಡ

ಸಹನಶಕ್ತಿಯ ಕ್ರೀಡೆಗಳ ಶ್ರೇಷ್ಠರು ತಮ್ಮ ತರಬೇತಿಯನ್ನು ಹೇಗೆ ಹಂಚಿಕೊಳ್ಳುತ್ತಾರೆಂದು ಅಧ್ಯಯನ ಮಾಡಿದ ವ್ಯಾಯಾಮ ವಿಜ್ಞಾನಿ ಸ್ಟೀಫನ್ ಸೈಲರ್, ಅವರ ಸುಮಾರು ಶೇ 80ರಷ್ಟು ಅಭ್ಯಾಸಗಳು ಸುಲಭವಾದವು, ಸುಮಾರು ಶೇ 20ರಷ್ಟು ಮಾತ್ರ ಕಠಿಣವಾದವು ಎಂದು ಗುರುತಿಸಿದರು. ಈ ಅನುಪಾತವನ್ನು ಉಲ್ಲೇಖಿಸುವಾಗ ಹಲವರು ಮರೆಯುವ ಸಂಗತಿಯೆಂದರೆ ಅವರು ಎಣಿಸಿದ್ದು ಅಭ್ಯಾಸಗಳನ್ನು, ನಿಮಿಷಗಳನ್ನಲ್ಲ. ಅಲ್ಲದೆ ಆ ಕ್ರೀಡಾಪಟುಗಳು ವಾರಕ್ಕೆ ಹತ್ತಕ್ಕೂ ಹೆಚ್ಚು ಬಾರಿ ಅಭ್ಯಾಸ ಮಾಡುವವರು. ವಾರಕ್ಕೆ ನಾಲ್ಕೈದು ಸವಾರಿಗಳಿಗೆ ಮಾತ್ರ ಬಿಡುವಿರುವವರಿಗೆ ಆ ಲೆಕ್ಕದಲ್ಲಿ ಒಂದೇ ಒಂದು ಕಠಿಣ ದಿನ ಸಿಗುತ್ತದೆ. ಬಿಡುವು ಕಡಿಮೆಯಿರುವುದರಿಂದ ಅವರ ಒಟ್ಟು ಹೊರೆಯೂ ಕಡಿಮೆ, ಹಾಗಾಗಿ ಎರಡನ್ನು ತಾಳಿಕೊಳ್ಳಬಹುದು. ಮೂರನೆಯದನ್ನು ಸೇರಿಸಿದಾಗ ಮೊದಲ ಎರಡರ ಗುಣಮಟ್ಟ ಕುಸಿಯುವುದನ್ನೇ ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಎರಡು ಕಠಿಣ ದಿನಗಳ ನಡುವೆ ಕನಿಷ್ಠ 48 ಗಂಟೆಗಳ ಅಂತರವಿರಲಿ. ಮೇಲೆ ಹೇಳಿದ ಎರಡನೆಯ ಸವಾರನ ವಾರವನ್ನೇ ಮಾದರಿಯಾಗಿ ತೆಗೆದುಕೊಳ್ಳಬಹುದು. ಮಂಗಳವಾರ 70 ನಿಮಿಷದ ಸವಾರಿಯೊಳಗೆ ಎಂಟು ನಿಮಿಷದ ನಾಲ್ಕು ಇಂಟರ್ವಲ್‌ಗಳು, ಅಂದರೆ ಜೋರಾಗಿ ತುಳಿಯುವ ಸುತ್ತುಗಳು, ಬರುತ್ತವೆ, ನಡುವೆ ಮೂರು ನಾಲ್ಕು ನಿಮಿಷದ ಹಗುರ ತುಳಿತ. ಬುಧವಾರ ಗಂಟೆಯೊಳಗಿನ ಚೇತರಿಕೆಯ ಸವಾರಿ. ಗುರುವಾರ ಒಂದೂವರೆ ಗಂಟೆಯ ಸಹನಶಕ್ತಿಯ ಸವಾರಿ. ಶನಿವಾರ 80 ನಿಮಿಷದೊಳಗೆ ನಾಲ್ಕು ನಿಮಿಷದ ಐದು ತೀವ್ರ ಸುತ್ತುಗಳು, ಭಾನುವಾರ ಮೂರು ಗಂಟೆ ಇಪ್ಪತ್ತು ನಿಮಿಷದವರೆಗಿನ ನಿಧಾನದ ದೂರ ಸವಾರಿ. ಸೋಮವಾರ ಮತ್ತು ಶುಕ್ರವಾರ ಪೂರ್ಣ ವಿಶ್ರಾಂತಿ. ಒಟ್ಟು ಎಂಟು ಗಂಟೆಯ ಆಸುಪಾಸಿನ ಈ ವಾರದಲ್ಲಿ ನಿಜವಾಗಿ ತೀವ್ರವಾಗಿ ತುಳಿದ ಸಮಯ 52 ನಿಮಿಷ ಮಾತ್ರ. ಶನಿವಾರದ ಮರುದಿನವೇ ದೂರ ಸವಾರಿ ಬರುವುದನ್ನು ಕಂಡು ಕೆಲವರಿಗೆ ಅನುಮಾನ ಬರಬಹುದು. ವಾರಾಂತ್ಯದಲ್ಲಿ ಮಾತ್ರ ಬಿಡುವಿರುವವರಿಗಾಗಿ ಮಾಡಿಕೊಂಡ ಹೊಂದಾಣಿಕೆ ಅದು. ಭಾನುವಾರದ ಸವಾರಿ ಮಾತನಾಡುವ ಗಡಿಯೊಳಗೇ ಇರುವವರೆಗೆ ಅದು ನಡೆಯುತ್ತದೆ, ಸೋಮವಾರದ ವಿಶ್ರಾಂತಿಯನ್ನು ಮಾತ್ರ ಯಾವುದಕ್ಕೂ ಬಿಟ್ಟುಕೊಡಬಾರದು.

ಕಠಿಣ ದಿನದಲ್ಲಿಯೂ ಒಂದು ನಿಲುಗಡೆಯ ನಿಯಮ ಬೇಕು. ಎಲ್ಲ ಸುತ್ತುಗಳೂ ಹೆಚ್ಚುಕಡಿಮೆ ಒಂದೇ ಶಕ್ತಿಯಲ್ಲಿ ಮುಗಿಯುವಂತೆ ಮೊದಲನೆಯದನ್ನು ತುಸು ತಡೆದು ಆರಂಭಿಸಿ. ಕೊನೆಯ ಸುತ್ತು ಮುಗಿದಾಗ ಇನ್ನೊಂದನ್ನು ಕಷ್ಟಪಟ್ಟು ಮಾಡಬಹುದಿತ್ತು ಎನಿಸಿದರೆ ಪ್ರಮಾಣ ಸರಿಯಾಗಿದೆ. ಅಷ್ಟೇ ಪ್ರಯತ್ನ ಹಾಕಿದರೂ ಶಕ್ತಿ ಶೇ 10ರಷ್ಟು ಇಳಿದು, ಮುಂದಿನ ಸುತ್ತಿನಲ್ಲಿಯೂ ಮೇಲೇಳದಿದ್ದರೆ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಿ ಹಗುರವಾಗಿ ತುಳಿಯುತ್ತ ಮನೆಗೆ ಮರಳಬೇಕು. ಆ ಹಂತದ ನಂತರದ ಸುತ್ತುಗಳು ದಣಿವನ್ನು ಪೂರ್ತಿಯಾಗಿ ಕೊಡುತ್ತವೆ, ಫಲವನ್ನು ಬಹಳ ಕಡಿಮೆ ಕೊಡುತ್ತವೆ.

ನಾಲ್ಕನೆಯ ಹೆಜ್ಜೆ: ಬೆಳಗಿನ ಪರೀಕ್ಷೆ ಮತ್ತು ಮೊದಲ ಹದಿನೈದು ನಿಮಿಷ

ಯೋಜನೆ ಎಷ್ಟೇ ಚೆನ್ನಾಗಿದ್ದರೂ ಅದು ಬರೆದ ದಿನದ ಊಹೆ ಮಾತ್ರ. ದೇಹ ಅಂದಂದಿನ ಸ್ಥಿತಿಯನ್ನು ಹೇಳುತ್ತದೆ, ಅದನ್ನು ಕೇಳಿಸಿಕೊಳ್ಳುವ ಅಭ್ಯಾಸ ಬೇಕು. ಬೆಳಿಗ್ಗೆ ಎದ್ದೊಡನೆ ಹಾಸಿಗೆಯಲ್ಲಿಯೇ ಒಂದು ನಿಮಿಷ ನಾಡಿ ಎಣಿಸಿ ಬರೆಯಿರಿ. ನಿದ್ರೆ ಹೇಗಿತ್ತು, ಕಾಲುಗಳು ಹೇಗಿವೆ, ಮನಸ್ಸು ಹೇಗಿದೆ, ಇಂದು ತುಳಿಯುವ ಆಸೆ ಎಷ್ಟಿದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಒಂದರಿಂದ ಐದರೊಳಗೆ ಅಂಕ ಕೊಡಿ. ಇದಕ್ಕೆ ಎರಡು ನಿಮಿಷ ಸಾಕು. ಇಂಥ ಸ್ವಂತ ಅನುಭವದ ಅಂಕಗಳು ದುಬಾರಿ ಸಾಧನಗಳ ಅಳತೆಗಿಂತ ಮೊದಲೇ, ಮತ್ತು ಹೆಚ್ಚು ನಂಬಿಕೆಗೆ ಅರ್ಹವಾಗಿ, ತರಬೇತಿಯ ಹೊರೆಯನ್ನು ತೋರಿಸುತ್ತವೆ ಎಂಬುದನ್ನು ಸಂಶೋಧನೆಗಳ ಪರಿಶೀಲನೆಯೂ ಬೆಂಬಲಿಸಿದೆ. ಹೃದಯ ಬಡಿತಗಳ ನಡುವಿನ ಅಂತರದ ಏರಿಳಿತವನ್ನು ಅಳೆಯುವ ಗಡಿಯಾರ ನಿಮ್ಮಲ್ಲಿದ್ದರೆ ಅದನ್ನೂ ಬಳಸಬಹುದು, ಆದರೆ ಒಂದು ದಿನದ ಅಂಕಿಯನ್ನು ಕಂಡು ಗಾಬರಿಯಾಗದೆ ಏಳು ದಿನಗಳ ಸರಾಸರಿ ಎತ್ತ ಸಾಗುತ್ತಿದೆ ಎಂಬುದನ್ನೇ ನೋಡಬೇಕು.

ಹೃದಯ ಬಡಿತವನ್ನು ಓದುವುದರಲ್ಲಿ ಹಲವರು ಎಡವುತ್ತಾರೆ. ಬಡಿತ ಏರಿದರೆ ದಣಿವು, ಇಳಿದರೆ ಆರೋಗ್ಯ ಎಂಬ ಸರಳ ಸೂತ್ರ ಇಲ್ಲಿ ನಡೆಯುವುದಿಲ್ಲ. ಬೆಳಗಿನ ನಾಡಿ ಎಂದಿಗಿಂತ ಆರೇಳು ಬಡಿತ ಹೆಚ್ಚಿದ್ದರೆ ನಿದ್ರೆಗೇಡು, ನೀರಿನ ಕೊರತೆ ಅಥವಾ ಒಳಗೇ ಬೆಳೆಯುತ್ತಿರುವ ಕಾಯಿಲೆ ಕಾರಣವಾಗಿರಬಹುದು. ಸವಾರಿಯ ಹೊತ್ತಿನಲ್ಲಿ ಅದೇ ವ್ಯಾಟ್‌ಗೆ ಬಡಿತ ಹೆಚ್ಚುತ್ತಿದ್ದರೆ ಬಿಸಿಲು, ನೀರಿನ ಕೊರತೆ ಅಥವಾ ಜ್ವರದ ಆರಂಭವನ್ನು ಮೊದಲು ಶಂಕಿಸಬೇಕು. ಇದಕ್ಕೆ ತದ್ವಿರುದ್ಧವಾಗಿ, ಕಠಿಣ ತರಬೇತಿಯ ಬಾಕಿ ದಣಿವಿನಲ್ಲಿ ಬಡಿತ ಮೇಲೇರಲು ಒಪ್ಪುವುದೇ ಇಲ್ಲ. ಸಾಮಾನ್ಯವಾಗಿ 170ಕ್ಕೆ ಹೋಗುವ ಸುತ್ತಿನಲ್ಲಿ 160ಕ್ಕೇ ನಿಂತುಬಿಡುತ್ತದೆ, ಆದರೆ ಉಸಿರು ಮತ್ತು ಕಾಲು ಮಾತ್ರ ಎಂದಿಗಿಂತ ಹೆಚ್ಚು ಕಷ್ಟಪಡುತ್ತಿರುತ್ತವೆ. ಬಡಿತ ಕಡಿಮೆಯಾದದ್ದನ್ನು ಕಂಡು ಸವಾರನು ತಾನು ಬಲಗೊಂಡೆನೆಂದು ಭಾವಿಸಿ ಇನ್ನಷ್ಟು ಒತ್ತುತ್ತಾನೆ. ಎರಡನ್ನೂ ಬಿಡಿಸುವ ಕೀಲಿ ಶ್ರಮದ ಅಂಕ: ಬಡಿತ ಇಳಿದು ಶ್ರಮವೂ ಇಳಿದಿದ್ದರೆ ಅದು ಪ್ರಗತಿ, ಬಡಿತ ಇಳಿದು ಶ್ರಮ ಏರಿದ್ದರೆ ಅದು ದಣಿವು.

ಬೆಳಗಿನ ಅಂಕಗಳು ಸಾಧಾರಣವಾಗಿದ್ದು ಏನು ಮಾಡಬೇಕೆಂದು ತೋಚದಿದ್ದರೆ ಸೈಕಲ್ ಹತ್ತಿ ಹದಿನೈದು ನಿಮಿಷ ಹಗುರವಾಗಿ ತುಳಿದು, ಒಂದು ನಿಮಿಷದ ಎರಡು ಜೋರಾದ ತುಳಿತಗಳನ್ನು ಸೇರಿಸಿ ನೋಡಿ. ಎಷ್ಟೋ ದಿನ ಆಲಸ್ಯವೆನಿಸಿದ್ದು ಈ ಹೊತ್ತಿಗೆ ಕರಗಿ ಕಾಲುಗಳು ತೆರೆದುಕೊಳ್ಳುತ್ತವೆ, ಆಗ ಯೋಜನೆಯಂತೆ ಮುಂದುವರಿಯಬಹುದು. ತೆರೆದುಕೊಳ್ಳದಿದ್ದರೆ ಆ ದಿನವನ್ನು ಸುಲಭ ದಿನವಾಗಿ ಬದಲಿಸಿ, ಕಠಿಣ ಅಭ್ಯಾಸವನ್ನು ಮರುದಿನಕ್ಕೆ ದೂಡಿ. ದೂಡಿದ್ದನ್ನು ಮುಂದಿನ ವಾರದ ಎರಡರ ಮೇಲೆ ಮೂರನೆಯದಾಗಿ ಹೇರಬೇಡಿ. ತಪ್ಪಿದ ಅಭ್ಯಾಸ ತಪ್ಪಿಯೇ ಹೋಗಲಿ.

ಐದನೆಯ ಹೆಜ್ಜೆ: ಊಟ ಮತ್ತು ನಿದ್ರೆ

ಚೇತರಿಕೆಯ ಹೆಸರಿನಲ್ಲಿ ಮಾರುವ ವಸ್ತುಗಳು ಬಹಳ, ಕೆಲಸ ಮಾಡುವುದು ಬಹುಪಾಲು ಈ ಎರಡೇ. ಗಂಟೆಗಿಂತ ಹೆಚ್ಚಿನ ಕಠಿಣ ಅಥವಾ ದೀರ್ಘ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ತೆಗೆದುಕೊಳ್ಳಬೇಕು. ಎರಡೂವರೆ ಗಂಟೆ ಮೀರಿದಾಗ, ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎರಡೂ ಬೆರೆತಿದ್ದರೆ, ಅಭ್ಯಾಸವಾದ ಹೊಟ್ಟೆ 90 ಗ್ರಾಂವರೆಗೂ ತಾಳಿಕೊಳ್ಳುತ್ತದೆ. ಸವಾರಿಯ ಮೇಲೆ ತಿಂದದ್ದು ಆ ಸವಾರಿಗೆ ಮಾತ್ರವಲ್ಲ, ಮರುದಿನದ ಚೇತರಿಕೆಗೂ ಸಲ್ಲುತ್ತದೆ. ಸವಾರಿ ಮುಗಿದ ಮೇಲೆ ಎಂಟು ಗಂಟೆಯೊಳಗೆ ಮತ್ತೊಂದು ಕಠಿಣ ಅಭ್ಯಾಸವಿದ್ದರೆ ಮೊದಲ ನಾಲ್ಕು ಗಂಟೆ, ಗಂಟೆಗೆ ದೇಹತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಕಾರ್ಬೋಹೈಡ್ರೇಟ್ ಎಂಬ ಲೆಕ್ಕ ಅನ್ವಯಿಸುತ್ತದೆ. ಮರುದಿನದವರೆಗೆ ಬಿಡುವಿರುವವರಿಗೆ ಇಷ್ಟು ಆತುರ ಬೇಕಿಲ್ಲ, ದಿನದ ಒಟ್ಟು ಪ್ರಮಾಣ ಸರಿಯಿದ್ದರೆ ಸಾಕು. ಪ್ರೋಟೀನ್ ದಿನಕ್ಕೆ ಪ್ರತಿ ಕಿಲೋಗೆ ಸುಮಾರು 1.6 ಗ್ರಾಂ, ಅದನ್ನು ಒಂದೇ ಊಟದಲ್ಲಿ ತುಂಬದೆ ನಾಲ್ಕೈದು ಹೊತ್ತಿಗೆ ಹಂಚಬೇಕು. 65 ಕಿಲೋ ತೂಕದವರಿಗೆ ಹೊತ್ತಿಗೆ 20 ಗ್ರಾಂಗಿಂತ ಕಡಿಮೆಯಾಗಬಾರದು. ನೀರಿನ ಲೆಕ್ಕಕ್ಕೆ ಸವಾರಿಯ ಮುಂಚೆ ಮತ್ತು ನಂತರ ತೂಕ ನೋಡಿ: ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ನೀರು ಹೋಗಿದೆ.

ಏರು ಹತ್ತುವುದು ಸುಲಭವಾಗಲೆಂದು ತೂಕ ಇಳಿಸುವ ಆಸೆ ಸೈಕಲ್ ಸವಾರರಲ್ಲಿ ಬಲವಾಗಿದೆ, ಅದು ಅಪಾಯಕ್ಕೂ ದಾರಿಯಾಗುತ್ತದೆ. ತುಳಿಯುವ ಹೊರೆಗೆ ತಕ್ಕಷ್ಟು ತಿನ್ನದಿದ್ದಾಗ ಹಾರ್ಮೋನು, ಮೂಳೆ, ರೋಗನಿರೋಧಕ ಶಕ್ತಿ, ಮನಸ್ಸು ಎಲ್ಲವೂ ಹದಗೆಡುವ ಸ್ಥಿತಿಯನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ರೆಡ್-ಎಸ್ ಎಂದು ಹೆಸರಿಸಿದರು. ಮಹಿಳೆಯರಲ್ಲಿ ಮುಟ್ಟು ತಪ್ಪುವುದು, ಪುರುಷರಲ್ಲಿ ಲೈಂಗಿಕ ಆಸಕ್ತಿ ಕುಂದುವುದು ಇದರ ಮುನ್ಸೂಚನೆಗಳು. ಇವು ಕಂಡರೆ ಸಂಕೋಚಪಡದೆ ವೈದ್ಯರಿಗೆ ಹೇಳಬೇಕು. ತೂಕ ಇಳಿಸಲೇಬೇಕಿದ್ದರೆ ಹಗುರ ತರಬೇತಿಯ ತಿಂಗಳುಗಳಲ್ಲಿ ನಿಧಾನವಾಗಿ ಇಳಿಸಿ, ಕಠಿಣ ದಿನಗಳಲ್ಲಿ ಊಟಕ್ಕೆ ಕತ್ತರಿ ಹಾಕಬೇಡಿ.

ನಿದ್ರೆ ವಯಸ್ಕರಿಗೆ ಏಳರಿಂದ ಒಂಬತ್ತು ಗಂಟೆ ಬೇಕು, ಕಠಿಣ ವಾರಗಳಲ್ಲಿ ಅದರ ಮೇಲಂಚಿನತ್ತ ಸಾಗಬೇಕು. ರಾತ್ರಿ ತಡವಾಗಿ ಇಂಟರ್ವಲ್ ಮಾಡಿದರೆ ದೇಹ ಬಹಳ ಹೊತ್ತು ಬಿಸಿಯಾಗಿಯೇ ಇರುತ್ತದೆ, ಆದ್ದರಿಂದ ಅಭ್ಯಾಸಕ್ಕೂ ಮಲಗುವುದಕ್ಕೂ ಕನಿಷ್ಠ ಮೂರು ಗಂಟೆ ಅಂತರವಿರಲಿ. ಕೆಫೀನ್‌ನ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕೆಂಬುದನ್ನು ನೆನಪಿಟ್ಟು ಸಂಜೆಯ ಕಾಫಿಯನ್ನು ನಿರ್ಧರಿಸಿ. ಬೆಳಗಿನ ಸವಾರಿಗಾಗಿ ಐದೇ ಗಂಟೆ ಮಲಗಿ ಏಳುವವರಿಗೆ ನನ್ನ ಸಲಹೆ ಸ್ಪಷ್ಟ: ಆ ದಿನದ ಸವಾರಿಯನ್ನು ಅರ್ಧಕ್ಕಿಳಿಸಿ ನಿದ್ರೆ ಮಾಡಿ.

ಮಾಲೀಸು, ಬಿಗಿಯಾದ ಕಾಲುಚೀಲ, ಫೋಮ್ ರೋಲರ್ ಇವು ಹಿತವೆನಿಸಿದರೆ ಬಳಸಬಹುದು. ತಣ್ಣೀರಿನಲ್ಲಿ ಮುಳುಗಿ ಕೂರುವುದು ಸತತ ದಿನಗಳ ಸ್ಪರ್ಧೆಯಲ್ಲಿ ನೆರವಾಗಬಹುದಾದರೂ, ಶಕ್ತಿವರ್ಧನೆಯ ವ್ಯಾಯಾಮದ ನಂತರ ಅದನ್ನು ರೂಢಿಮಾಡಿಕೊಂಡರೆ ಸ್ನಾಯುವಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ.

ಆರನೆಯ ಹೆಜ್ಜೆ: ಬದುಕಿನ ಒತ್ತಡವನ್ನೂ ಲೆಕ್ಕಕ್ಕೆ ಸೇರಿಸಿ

1936ರಲ್ಲಿ ಒತ್ತಡದ ಸಂಶೋಧಕ ಹಾನ್ಸ್ ಸೆಲ್ಯೆ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಒಂದು ಪುಟ್ಟ ಬರಹ ಪ್ರಕಟಿಸಿದರು. ಚಳಿ, ಗಾಯ, ಔಷಧಿಗಳ ವಿಷಪ್ರಭಾವ, ಅತಿಯಾದ ಸ್ನಾಯುಶ್ರಮ, ಹೀಗೆ ಪೀಡೆ ಯಾವುದೇ ಇರಲಿ, ಇಲಿಗಳ ದೇಹ ಒಂದೇ ಬಗೆಯ ಪ್ರತಿಕ್ರಿಯೆ ತೋರುವುದನ್ನು ಅವರು ಅದರಲ್ಲಿ ವಿವರಿಸಿದ್ದರು. ಮೊದಲು ಗಾಬರಿ, ಬಳಿಕ ಪ್ರತಿರೋಧ, ಪೀಡೆ ಮುಂದುವರಿದರೆ ಬಳಲಿಕೆ. ತರಬೇತಿಯ ಚಿಂತನೆ ಈ ಮೂರು ಹಂತಗಳಿಂದ ಬಹಳಷ್ಟನ್ನು ಪಡೆದುಕೊಂಡಿದೆ. ನಮಗೆ ಇದರಿಂದ ಸಿಗುವ ನೇರ ಪಾಠವೆಂದರೆ ಪರೀಕ್ಷೆ, ಕೆಲಸದ ಗಡುವು, ಮನೆಯಲ್ಲಿ ಕಾಯಿಲೆಯವರ ಆರೈಕೆ, ದೀರ್ಘ ಪ್ರಯಾಣ ಇವೆಲ್ಲವೂ ಇಂಟರ್ವಲ್‌ಗಳು ಖರ್ಚು ಮಾಡುವ ಅದೇ ಚೀಲದಿಂದ ಖರ್ಚು ಮಾಡುತ್ತವೆ. ತರಬೇತಿಯ ಹೊರೆಯನ್ನು ದಾಖಲಿಸುವ ತಂತ್ರಾಂಶದ ನಕ್ಷೆಗಳು ಇದನ್ನು ಕಾಣಲಾರವು. 42 ದಿನಗಳ ಸರಾಸರಿಯಿಂದ ಸಾಮರ್ಥ್ಯವನ್ನೂ ಏಳು ದಿನಗಳ ಸರಾಸರಿಯಿಂದ ದಣಿವನ್ನೂ ಅಂದಾಜಿಸುವ ಆ ಗೆರೆಗಳು ಉಪಯುಕ್ತವೇ, ಆದರೆ ಅವಕ್ಕೆ ತಿಳಿದಿರುವುದು ಪೆಡಲ್ಲಿಗೆ ಬಿದ್ದ ಬಲ ಮಾತ್ರ. ಕಠಿಣವಾದ ವಾರ ಬದುಕಿನಲ್ಲಿ ಬಂದರೆ ತರಬೇತಿಯ ಎರಡು ಕಠಿಣ ದಿನಗಳಲ್ಲಿ ಒಂದನ್ನು ತೆಗೆದುಹಾಕಿ.

ಏಳನೆಯ ಹೆಜ್ಜೆ: ಇಳಿತದ ವಾರ

ಮೂರು ವಾರ ಹೊರೆಯನ್ನು ಸ್ವಲ್ಪ ಸ್ವಲ್ಪವೇ ಏರಿಸಿ ನಾಲ್ಕನೆಯ ವಾರ ಇಳಿಸುವುದು ಬಹುಕಾಲದ ರೂಢಿ. ನಲವತ್ತೈದು ದಾಟಿದವರಿಗೂ ಹೊಸದಾಗಿ ಆರಂಭಿಸಿದವರಿಗೂ ಎರಡು ವಾರ ಏರಿಸಿ ಮೂರನೆಯದನ್ನು ಇಳಿಸುವುದೇ ಹೆಚ್ಚು ಹೊಂದುತ್ತದೆ. ಇಳಿತದ ವಾರದಲ್ಲಿ ಒಟ್ಟು ಸಮಯವನ್ನು ಅರ್ಧದಷ್ಟು ಕಡಿಮೆ ಮಾಡಿ, ವಾರದ ಕೊನೆಯಲ್ಲಿ ಮಾತ್ರ ನಾಲ್ಕಾರು ಚಿಕ್ಕ ತೀವ್ರ ತುಳಿತಗಳನ್ನು ಇಟ್ಟುಕೊಳ್ಳಿ. ಈ ವಾರದ ಮೂರನೆಯ ನಾಲ್ಕನೆಯ ದಿನ ಕಾಲುಗಳು ಇನ್ನಷ್ಟು ಭಾರವೆನಿಸಿದರೆ ಅಂಜಬೇಕಾಗಿಲ್ಲ, ಹಲವರಿಗೆ ಹಾಗಾಗಿ ಆಮೇಲೆ ಹಗುರವಾಗುತ್ತದೆ. ಇಷ್ಟು ಬಿಡುವಿನಿಂದ ಗಳಿಸಿದ್ದೆಲ್ಲ ಕರಗಿಹೋಗುತ್ತದೆಂಬ ಭಯಕ್ಕೆ ಆಧಾರವಿಲ್ಲ. ಸ್ಪರ್ಧೆಗೆ ಮುನ್ನ ಎರಡು ವಾರ ತರಬೇತಿಯ ಪ್ರಮಾಣವನ್ನು ಶೇ 41ರಿಂದ 60ರಷ್ಟು ಇಳಿಸಿ, ತೀವ್ರತೆಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡವರ ಸಾಧನೆ ಹೆಚ್ಚು ಸುಧಾರಿಸುತ್ತದೆಂದು 2007ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ತೋರಿಸಿದೆ.

ಇಳಿತದ ವಾರ ಒಂದು ಪರೀಕ್ಷೆಯೂ ಹೌದು. 2013ರಲ್ಲಿ ಯುರೋಪ್ ಮತ್ತು ಅಮೆರಿಕದ ಕ್ರೀಡಾವಿಜ್ಞಾನ ಸಂಸ್ಥೆಗಳು ಜಂಟಿಯಾಗಿ ಹೊರಡಿಸಿದ ಹೇಳಿಕೆ ದಣಿವನ್ನು ಚೇತರಿಕೆಗೆ ಬೇಕಾಗುವ ಕಾಲದಿಂದಲೇ ಬೇರ್ಪಡಿಸುತ್ತದೆ. ಕೆಲವು ದಿನಗಳಿಂದ ಒಂದೆರಡು ವಾರದಲ್ಲಿ ತೀರಿ, ಬಳಿಕ ಸಾಮರ್ಥ್ಯ ಮೊದಲಿಗಿಂತ ಮೇಲೇರಿದರೆ ಅದು ಫಲ ಕೊಟ್ಟ ದಣಿವು. ವಾರಗಳಿಂದ ತಿಂಗಳುಗಳವರೆಗೆ ಎಳೆದು, ಕೊನೆಗೆ ಮೊದಲಿನ ಮಟ್ಟಕ್ಕೆ ಮಾತ್ರ ತಂದು ನಿಲ್ಲಿಸಿದರೆ ಅದು ನಷ್ಟದ ದಣಿವು. ಹಲವು ತಿಂಗಳು ವಿಶ್ರಾಂತಿ ಪಡೆದರೂ ಸಾಮರ್ಥ್ಯ ಮರಳದಿದ್ದರೆ ಅದು ಅತಿತರಬೇತಿಯ ರೋಗಸ್ಥಿತಿ. ಆರಂಭದಲ್ಲಿ ಈ ಮೂರೂ ಒಂದೇ ರೀತಿ ಕಾಣುವುದರಿಂದ, ಇಳಿತದ ವಾರದ ಕೊನೆಗೂ ಬೆಳಗಿನ ಅಂಕಗಳು ಮೇಲೇರದಿದ್ದರೆ ಇನ್ನೊಂದು ವಾರ ಇಳಿತವನ್ನೇ ಮುಂದುವರಿಸಿ. ಎರಡನೆಯ ವಾರವೂ ಬದಲಾವಣೆ ಕಾಣದಿದ್ದರೆ ವೈದ್ಯರ ಬಳಿ ಹೋಗಿ ರಕ್ತಹೀನತೆ, ದೇಹದಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಥೈರಾಯ್ಡ್ ಮತ್ತು ಸೋಂಕುಗಳ ಪರೀಕ್ಷೆ ಮಾಡಿಸಬೇಕು. ತರಬೇತಿಯ ದಣಿವೆಂದು ತಿಳಿದದ್ದು ಎಷ್ಟೋ ಸಲ ಇವುಗಳಲ್ಲಿ ಒಂದಾಗಿರುತ್ತದೆ.

ಕಾಯಿಲೆಯ ನಂತರ ಮರಳುವ ಬಗೆ

ಜ್ವರ, ಮೈಕೈನೋವು, ಎದೆಯಲ್ಲಿ ಕಫ ಅಥವಾ ಹೊಟ್ಟೆಯ ಸೋಂಕು ಇರುವಾಗ ಸೈಕಲ್ ಹತ್ತಲೇಬಾರದು. ವೈರಸ್ ಸೋಂಕಿನ ನಡುವೆ ಕಠಿಣ ಶ್ರಮ ಮಾಡುವುದು ಹೃದಯದ ಸ್ನಾಯುವಿನ ಉರಿಯೂತದ ಅಪಾಯದೊಂದಿಗೆ ತಳುಕುಹಾಕಿಕೊಂಡಿದೆ, ಮತ್ತು ಯಾವ ಸ್ಪರ್ಧೆಯೂ ಆ ಅಪಾಯಕ್ಕೆ ತಕ್ಕುದಲ್ಲ. ಚೇತರಿಸಿಕೊಳ್ಳುವಾಗ ಎದೆನೋವು, ಏರುಪೇರಾದ ಬಡಿತ, ತಲೆಸುತ್ತು ಅಥವಾ ಎಂದೂ ಇಲ್ಲದ ಉಬ್ಬಸ ಕಂಡರೆ ಮೊದಲು ವೈದ್ಯರನ್ನು ಕಾಣಬೇಕು.

ಇಂಥ ಲಕ್ಷಣಗಳಿಲ್ಲದಿದ್ದರೆ, ಔಷಧಿಯ ನೆರವಿಲ್ಲದೆ ಜ್ವರ ಬಿಟ್ಟು ಕನಿಷ್ಠ ಒಂದೆರಡು ಪೂರ್ಣ ದಿನ ಕಳೆದ ಮೇಲೆ ಅರ್ಧ ಗಂಟೆಯ ಚೇತರಿಕೆಯ ಸವಾರಿಯಿಂದ ಆರಂಭಿಸಿ. ಮರುದಿನ ಬೆಳಗಿನ ನಾಡಿ ಎಂದಿನಂತಿದ್ದರೆ ಮುಂದಿನ ಸವಾರಿಗೆ ಹದಿನೈದು ನಿಮಿಷ ಸೇರಿಸಿ, ಏರಿದ್ದರೆ ಒಂದು ದಿನ ಬಿಡಿ. ಜ್ವರದಲ್ಲಿ ಕಳೆದಷ್ಟೇ ದಿನಗಳನ್ನು ಸುಲಭ ಸವಾರಿಯಲ್ಲಿ ಕಳೆಯುವವರೆಗೆ ಇಂಟರ್ವಲ್‌ಗಳ ಯೋಚನೆ ಬೇಡ. ಆಮೇಲಿನ ಮೊದಲ ಕಠಿಣ ದಿನದಲ್ಲಿ ಎಂಟು ನಿಮಿಷದ ನಾಲ್ಕು ಸುತ್ತುಗಳ ಬದಲು ಎರಡನ್ನು ಮಾತ್ರ ಮಾಡಿ, ಅರ್ಧ ಗಂಟೆಯ ನಂತರ ನೋಟ್‌ಬುಕ್ಕಿನಲ್ಲಿ ಅಂಕ ಬರೆಯಿರಿ. ಕಾಯಿಲೆಗೆ ಮುಂಚಿನ ಪುಟಗಳಲ್ಲಿ ಅದೇ ವ್ಯಾಟ್‌ಗೆ ಅಥವಾ ಅದೇ ಏರಿಗೆ ಬರೆದಿದ್ದ ಅಂಕದೊಡನೆ ಅದು ಹೊಂದಿದರೆ, ಮುಂದಿನ ಮಂಗಳವಾರ ಮೂರು ಸುತ್ತು ಮಾಡಬಹುದು.